ಉಪ್ಪು ನೋಡಿದ್ದು

ಗಂಟಲು ಮರಗಟ್ಟಿಸುವ ಸ್ಪ್ರೇಗೆ ಬಾಳೆಹಣ್ಣಿನ ವಾಸನೆ ಬೆರೆಸಿದ ಪುಣ್ಯಾತ್ಮ ಯಾರೋ. ಮೊನ್ನೆ ಭೋಪಾಲಿನ ಕ್ಲಿನಿಕ್ಕಿನಲ್ಲಿ ಗಂಟಲು ಪರೀಕ್ಷೆಗೆಂದು ಅದನ್ನು ನನ್ನ ಬಾಯಿಗೆ ಹೊಡೆದಾಗ, ವಡೋದರದ ಹೋಟೆಲ್ ಮಾವನ ಮೇಲಿನ ಹಳೆಯ ಸಿಟ್ಟು ಮತ್ತೆ ನೆತ್ತಿಗೇರಿತು.

ಎರಡು ಸಾವಿರದ ಇಸವಿಯ ಆಚೀಚೆ. ವಡೋದರದ ಪಕ್ಕದ ಕೊಯಾಲಿಯ ರಿಫೈನರಿಯಲ್ಲಿ ನನಗೆ ಹೊಸ ಕೆಲಸ; ಉಡುಪಿ ಕಡೆಯ ಮಾವನ ಹೋಟೆಲಿನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನೆಂಟಸ್ತನವೇನಿಲ್ಲ, ಆ ಊರಲ್ಲಿ ಕನ್ನಡ ಮಾತಾಡುವ ಹಿರಿಯರೆಲ್ಲ ಮಾವ, ಅತ್ತೆಯರೇ. ಮಾವನಿಗೆ ಶ್ವಾಸಕೋಶದ ಕ್ಯಾನ್ಸರ್. ಕೀಮೋ, ರೇಡಿಯೇಶನ್ ಮುಗಿದಿದ್ದರೂ ಸ್ಕ್ಯಾನಿನಲ್ಲಿ ಒಂದು ನೆರಳು ಉಳಿದಿತ್ತು. ಅದು ಮಾಗಿದ ಗಾಯದ ಕಲೆಯೋ, ಜೀವವಿರುವ ಗಡ್ಡೆಯೋ? ಬ್ರಾಂಕೋಸ್ಕೋಪಿ ಮಾಡಿ, ಉಸಿರಿನ ಕೊಳವೆಯೊಳಗೆ ನೋಡಿ, ಚೂರು ತೆಗೆದರೆ ಮಾತ್ರ ತಿಳಿಯುತ್ತದೆ. ಗಡ್ಡೆಯಾದರೆ ತಡಮಾಡದೆ ಔಷಧ ಬದಲಿಸಬೇಕು ಎಂದರು ಡಾಕ್ಟರು. ಬರಿಹೊಟ್ಟೆಯಲ್ಲೇ ಬರಬೇಕೆಂದು ಒತ್ತಿ ಹೇಳಿದ್ದರು.

ಪಾಳಿ ಬದಲಿಸಿಕೊಂಡು ಸ್ಕೂಟರಿನಲ್ಲಿ ಕರೆದೊಯ್ದೆ. ನರ್ಸ್ ವಿಚಾರಿಸಿದರೆ, ಈ ಮಹಾಶಯರು ಬಟ್ಟಲು ತುಂಬ ಸಾಂಬಾರು ಕುಡಿದು ಬಂದಿದ್ದಾರೆ.

"ತಿಂದದ್ದಲ್ಲ ಮಾರಾಯ, ಉಪ್ಪು ನೋಡಿದ್ದು. ಉಪ್ಪು ನೋಡದೆ ಹೋಟೆಲ್ ಬಾಗಿಲು ತೆಗೆಯುವುದು ಹೇಗೆ?"

ಪರೀಕ್ಷೆ ರದ್ದಾಯಿತು. ಮರುವಾರವೂ ಅದೇ ರಾಮಾಯಣ. ನಾನು ಸ್ಕೂಟರ್ ಒರೆಸುವಷ್ಟರಲ್ಲಿ ಅಡುಗೆಮನೆಗೆ ನುಗ್ಗಿದ್ದರು. ಈ ಸಲ ಸಾಂಬಾರಿನ ಜೊತೆಗೆ ಚಟ್ನಿಯೂ. ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು...

"ನಿಂಗೆ ಗೊತ್ತಿಲ್ಲ," ಎಂದರು ಹಿಂದಿನಿಂದ. "ಕೀಮೋದಲ್ಲಿ ನಾಲಿಗೆ ಸತ್ತೇ ಹೋಗಿತ್ತು. ಈಗ ಉಪ್ಪು, ಹುಳಿ ಎಲ್ಲ ಗೊತ್ತಾಗ್ತದೆ. ರೋಗ ಹೋಯ್ತು ಅಂತಲೇ ಲೆಕ್ಕ. ಪೈಪ್ ಹಾಕಿ ನೋಡ್ಲಿಕ್ಕೆ ಇನ್ನೆಂತ ಉಂಟು?"



ಮೂರನೆಯ ಸಲ ಮಾವನ ಹೆಂಡತಿ, ಅತ್ತೆ, ಹೋಟೆಲನ್ನೇ ತೆರೆಯಲಿಲ್ಲ. ಒಲೆ ಉರಿಯದೆ ಉಪ್ಪೆಲ್ಲಿ ನೋಡುವುದು? ಪರೀಕ್ಷೆ ಮುಗಿಸಿ ಹೊರಬಂದ ಮಾವನ ಬಾಯಲ್ಲಿ ಬಾಳೆಹಣ್ಣಿನ ಈ ವಾಸನೆಯೇ ಇತ್ತು.

ರಿಪೋರ್ಟ್ ಬಂತು. ಗಡ್ಡೆಗೆ ಜೀವವಿತ್ತು. ಬೇರೆ ಔಷಧ ಶುರುವಾಯಿತು. ನಾಲಿಗೆ ಮತ್ತೆ ಹೋಯಿತು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟ ನನ್ನನ್ನು ಮಾವ ಅಡುಗೆಮನೆಗೆ ಕರೆದು ಸಾಂಬಾರಿನ ಬಟ್ಟಲು ಕೈಗಿಟ್ಟರು. "ಇನ್ನು ನೀನೇ ನೋಡು. ನಂಗೆ ಬಿಸಿನೀರು ಕುಡಿದ ಹಾಗೆ ಆಗ್ತದೆ." ಕುಡಿದು, ಸರಿಯಾಗಿದೆ ಎಂದೆ. ಅವರು ಹೋಗಿ ಹೋಟೆಲ್ ಬಾಗಿಲು ತೆಗೆದರು.

ಮಾವ ಹೋಗಿ ವರ್ಷಗಳೇ ಆದವು. ಆ ವಾರಗಳನ್ನು ಹಾಳು ಮಾಡದಿದ್ದರೆ ಉಳಿಯುತ್ತಿದ್ದರೋ ಏನೋ, ಯಾವ ಡಾಕ್ಟರೂ ಹೇಳಲಾರರು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಬೈಸಿಕೊಳ್ಳಬೇಕಾದವರೇ ಇಲ್ಲದಿರುವಾಗ ಅದನ್ನು ಯಾರ ಮೇಲೆ ಇಳಿಸಲಿ?