ಹನ್ನೊಂದು ಸೆಕೆಂಡಿಗೆ ನಲವತ್ತಾರು ಸದ್ದು

ಏಪ್ರಿಲ್ 12, ಭಾನುವಾರ, ಬೆಳಿಗ್ಗೆ 10.20. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ ನಿನ್ನೆ ಮುಗಿಯಿತು. ಡೈರಿಯಲ್ಲಿ ಚದುರಿಹೋಗಿರುವ ಲೆಕ್ಕಗಳನ್ನು ಒಂದೆಡೆ ಸೇರಿಸಲು ಕೂತಿದ್ದೇನೆ.

ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ಮನೆಯಿಂದ ಮೂರು ಮನೆ ಆಚೆ ಒಬ್ಬ ಅಂಕಲ್ ಮತ್ತು ಆಂಟಿ ಇದ್ದಾರೆ. ಇಬ್ಬರಿಗೂ ಹಳೆಯ ಹಾಲಿವುಡ್ ಚಿತ್ರಗಳ ಹುಚ್ಚು. ಹಾಡು, ಕುಣಿತ, ನಗು ಮೂರೂ ಇರಬೇಕು. ಜನವರಿಯಿಂದ ಅವರ ಸೋಫಾದ ಮೇಲೆ ಕೂತು ನಾನು ನೋಡಿದ್ದು ಹನ್ನೊಂದು ಚಿತ್ರ. ನಾಯಕ ನೀರಿಗೆ ಬಿದ್ದದ್ದು ನಾಲ್ಕು ಸಲ, ನಾಯಕಿ ಬೇರೆಯವರ ಕೋಣೆಗೆ ನುಗ್ಗಿದ್ದು ಏಳು ಸಲ, ಅಂಕಲ್ ತೂಕಡಿಸಿದ್ದು ಒಮ್ಮೆಯೂ ಇಲ್ಲ.

ಒಂದು ಚಿತ್ರದಲ್ಲಿ ನಾಯಕ ಹೋಟೆಲಿನ ಅಡುಗೆಮನೆಯಲ್ಲಿ ಟ್ಯಾಪ್ ಡ್ಯಾನ್ಸ್, ಅಂದರೆ ಶೂಗಳಿಂದ ನೆಲ ತಟ್ಟಿ ತಾಳ ಹಾಕುವ ಕುಣಿತ, ಮಾಡುತ್ತಾನೆ. ಮದುವೆಯಾದ ಹೊಸದರಲ್ಲಿ, ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಅಪಾರ್ಟ್‌ಮೆಂಟಿನಲ್ಲಿ, ಅಂಕಲ್ ಅದನ್ನು ಆಂಟಿಗೆ ಕುಣಿದು ತೋರಿಸಲು ಹೋಗಿ ಕೆಳಗಿನ ಮನೆಯವರಿಂದ ಬೈಸಿಕೊಂಡಿದ್ದರಂತೆ. ಸ್ವಂತ ಮನೆ ಆದಮೇಲೆ ಪೂರ್ತಿ ಕುಣಿಯುತ್ತೇನೆ ಎಂದು ಮಾತು ಕೊಟ್ಟರಂತೆ. ಮನೆ ಆಗಿ ಇಪ್ಪತ್ತು ವರ್ಷ ದಾಟಿತು. ಈ ಯುಗಾದಿಯ ಕಾರ್ಯಕ್ರಮಕ್ಕೆ ಕೊನೆಗೂ ಹೆಸರು ಕೊಟ್ಟರು.

ಗ್ಯಾರೇಜಿನಲ್ಲಿ ಪ್ಲೈವುಡ್ ಹಾಸಿ, ಹಳೆಯ ಶೂಗಳಿಗೆ ಲೋಹದ ತಗಡು ಬಡಿದು ಅಭ್ಯಾಸ ಶುರುವಾಯಿತು. ಹೊರಗೆ 34 ಡಿಗ್ರಿ ಫ್ಯಾರನ್‌ಹೀಟಿನ ಕೊರೆಯುವ ಚಳಿ, ಒಳಗೆ ಅಂಕಲ್ ಬೆವರುತ್ತಿದ್ದರು. ಅವರು ಡಿಯರ್‌ಬಾರ್ನ್‌ನಲ್ಲಿ ಕಾರುಗಳ ಸದ್ದು ಅಳೆಯುವ ಎಂಜಿನಿಯರ್. ನಾಯಕನ ಕುಣಿತದ ಕೊನೆಯ ಹನ್ನೊಂದು ಸೆಕೆಂಡುಗಳ ಸದ್ದನ್ನು ಲ್ಯಾಪ್‌ಟಾಪಿಗೆ ಹಾಕಿದರು. ನಲವತ್ತಾರು ತಟ್ಟು. ತಮ್ಮದನ್ನು ಹಾಕಿದರು. ನಲವತ್ತಮೂರು. ಮೂರು ವಾರದಲ್ಲಿ ನಾನು ಬರೆದುಕೊಂಡ ಐವತ್ತೆಂಟು ಪ್ರಯತ್ನಗಳಲ್ಲಿ ಒಂದೂ ನಲವತ್ತಮೂರು ದಾಟಲಿಲ್ಲ.

"ಮಂಡಿ ಕೈ ಕೊಡ್ತಿದೆ ಕಣಮ್ಮ. ಶನಿವಾರ ಲಿಸ್ಟ್ ಕ್ಲೋಸ್ ಆಗತ್ತೆ, ಅಷ್ಟರೊಳಗೆ ಹೆಸರು ತೆಗೆಸಿಬಿಡ್ತೀನಿ" ಎಂದು ಅಂಕಲ್ ನನಗೆ ಹೇಳಿದರು.

"ತೆಗೆಸಿ, ತೆಗೆಸಿ. ಇನ್ನೊಂದು ಇಪ್ಪತ್ತು ವರ್ಷ ಬಿಟ್ಟು ವಾಕರ್ ಹಿಡ್ಕೊಂಡು ಕುಣಿಯೋರಂತೆ" ಎಂದರು ಆಂಟಿ. ಆದರೆ ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ಶನಿವಾರ, ಮಧ್ಯಾಹ್ನ 3.40. ಆಂಟಿ ಮೈಸೂರಿನ ತಂಗಿಯ ಜೊತೆ ಫೋನಿನಲ್ಲಿದ್ದರು. "ಟಿವಿ ಮ್ಯೂಟ್ ಮಾಡಮ್ಮ, ಏನೂ ಕೇಳಿಸ್ತಿಲ್ಲ" ಎಂದರು. ಮಾಡಿದೆ. ತೆರೆಯ ಮೇಲೆ ಅದೇ ಕುಣಿತದ ಕೊನೆಯ ಹನ್ನೊಂದು ಸೆಕೆಂಡು ನಡೆದಿತ್ತು. ಅಭ್ಯಾಸಬಲದಿಂದ ಈಗ ಕಣ್ಣಲ್ಲೇ ಎಣಿಸಿದೆ. ನಲವತ್ತಮೂರು. ನನ್ನದೇ ತಪ್ಪೆಂದು ನಿಧಾನಗತಿಯಲ್ಲಿ ಮತ್ತೆ ಹಾಕಿದೆ. ಪಾದ ನೆಲ ಮುಟ್ಟಿದ್ದು ನಲವತ್ತಮೂರೇ ಸಲ. ಅಂಕಲ್ಲನ್ನು ಕರೆದೆ. ಅವರು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಆರು ಸಲ ಎಣಿಸಿದರು.

"ಹಾಗಾದ್ರೆ ಇನ್ನು ಮೂರು ತಟ್ಟಿದ್ದು ಯಾರು?"

ಆಂಟಿ ಫೋನಿಗೆ ಕೈ ಅಡ್ಡ ಹಿಡಿದರು. "ಡಬ್ಬಿಂಗ್ ಕಣ್ರೀ! ನಮ್ಮ ಕಡೆ ಬಾಯಿಗೆ ಮಾಡಲ್ವಾ? ಇವ್ರು ಕಾಲಿಗೆ ಮಾಡಿದಾರೆ."

ಆಮೇಲೆ ಓದಿ ನೋಡಿದೆ. ನಿಜ. ಆ ಕಾಲದ ಅನೇಕ ಚಿತ್ರಗಳಲ್ಲಿ ಕುಣಿತದ ಸದ್ದನ್ನು ಚಿತ್ರೀಕರಣ ಮುಗಿದ ಮೇಲೆ ಬೇರೆಯಾಗಿ ಸೇರಿಸುತ್ತಿದ್ದರು. ಅಂಕಲ್ ನಕಲು ಮಾಡಿದ್ದು ಪಾದಗಳನ್ನು. ಅದರಲ್ಲಿ ಒಂದೂ ಬಿಟ್ಟಿರಲಿಲ್ಲ. ಹೆಸರು ಲಿಸ್ಟಿನಲ್ಲೇ ಉಳಿಯಿತು.

ನಿನ್ನೆ ಅಂಕಲ್ ಕುಣಿದರು. ಮೊದಲ ಸಾಲಿನಲ್ಲಿ ಆಂಟಿ ಎದ್ದು ನಿಂತು ಶಿಳ್ಳೆ ಹೊಡೆದರು. ಅವರಿಗೆ ಶಿಳ್ಳೆ ಬರುತ್ತದೆಂದು ಅಂಕಲ್ಲಿಗೇ ಗೊತ್ತಿರಲಿಲ್ಲ.

"ಎಷ್ಟಾಯ್ತಮ್ಮ?" ಎಂದರು ಆಂಟಿ.

"ನಲವತ್ತೆರಡು."

"ಒಂದು ಬಿಟ್ರು ಅಂತ ಬರೀಬೇಡ."

"ಬರೆದಾಯ್ತು ಆಂಟಿ."

ಇವತ್ತು ಬೆಳಿಗ್ಗೆ ಆ ಚಿತ್ರದ ಆರಂಭದ ಹೆಸರುಗಳನ್ನೆಲ್ಲ ಓದಿದೆ. ಮೂವತ್ತೊಂದು ಇವೆ. ಕೂದಲು ಬಾಚಿದವರ ಹೆಸರಿದೆ, ಕಾಲಿನ ಸದ್ದು ಕೊಟ್ಟವರದ್ದಿಲ್ಲ. ನಾಯಕನೇ ಮತ್ತೆ ತಟ್ಟಿದನೋ, ಇನ್ಯಾರೋ ಮರದ ಹಲಗೆಯ ಮೇಲೆ ನಿಂತು ಹುರುಪಿನಲ್ಲಿ ಮೂರು ಹೆಚ್ಚು ತಟ್ಟಿಬಿಟ್ಟರೋ, ಗೊತ್ತಿಲ್ಲ. ಆ ಕೆಲಸ ಹೇಗೆ ನಡೆಯುತ್ತಿತ್ತು, ಯಾರು ಮಾಡುತ್ತಿದ್ದರು ಎಂದು ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ. ಡೈರಿಯಲ್ಲಿ ಮೂರು ಸಾಲು ಖಾಲಿ ಬಿಟ್ಟಿದ್ದೇನೆ.