ಈಥರಿಗೆ ಮೊದಲು ನಾಲ್ಕು ಇಡ್ಲಿ

ಹೋದ ಮಂಗಳವಾರ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ, ಪರದೆ ಹಿಂದೆ ನಿಂತು, ನಾನು ಹೆಂಗಸಾದೆ. ಗಾಬರಿಯಾಗಬೇಡಿ, ಗಂಟಲು ಮಾತ್ರ.

ನನ್ನ ಗೆಳೆಯ ಶಂಕರ ಭದ್ರಾವತಿಯ ಹೋಟೆಲೊಂದರಲ್ಲಿ ಬೋಂಡ ಕರಿಯುವವನು. ಕಾದ ಎಣ್ಣೆಯ ಬಾಣಲೆ ಮಗುಚಿ, ಎದೆಯಿಂದ ಮೊಣಕಾಲಿನವರೆಗೆ ಬೆಂದುಹೋದ. ಮೊದಲ ವಾರ ಉಳಿಯುವುದೇ ಅನುಮಾನ. ಬಾಟಲಿಗಟ್ಟಲೆ ಸಲೈನ್ ಏರಿಸಿ ಡಾಕ್ಟರು ಜೀವ ಹಿಡಿದಿಟ್ಟರು. ಈಗ ದಿನ ಬಿಟ್ಟು ದಿನ ಡ್ರೆಸಿಂಗ್. ಗಾಯಕ್ಕೆ ಅಂಟಿದ ಬಟ್ಟೆ ಬಿಡಿಸುವ ನೋವನ್ನು ಎಚ್ಚರವಿದ್ದವರು ತಡೆಯಲಾರರು. ಅದಕ್ಕೇ ಈಥರ್ ಮೂಸಿಸಿ ಪ್ರಜ್ಞೆ ತಪ್ಪಿಸುತ್ತಾರೆ. ಷರತ್ತು ಒಂದೇ: ಹೊಟ್ಟೆ ಖಾಲಿ ಇರಬೇಕು.

ಖಾಲಿ ಹೊಟ್ಟೆ! ಇದನ್ನು ಹೆತ್ತ ತಾಯಿಗೆ ಹೇಳಿ ನೋಡಿ.

"ಏನೂ ಕೊಟ್ಟಿಲ್ಲ ತಾನೆ?" ಎಂದರು ಡಾಕ್ಟರು.

"ಇಲ್ಲ ಸ್ವಾಮಿ, ತೊಟ್ಟು ನೀರೂ ಇಲ್ಲ," ಎಂದರು ಶಂಕರನ ತಾಯಿ ಗೌರಮ್ಮ.

ಶಂಕರನೂ "ಇಲ್ಲ ಸಾರ್" ಎಂದ. ಬಾಯಿ ಬಿಟ್ಟಿದ್ದೇ ತಡ, ನನಗೆ ಚಟ್ನಿ ವಾಸನೆ ಹೊಡೆಯಿತು.

ನೇರವಾಗಿ ಕೇಳಿದರೆ ಗೌರಮ್ಮ ಒಪ್ಪುತ್ತಾರಾ? ಡಾಕ್ಟರು ಆಗಲೇ ಈಥರ್ ಬಾಟಲಿಗೆ ಕೈ ಹಾಕಿದ್ದರು. ಮೆಲ್ಲಗೆ ಪರದೆ ಹಿಂದೆ ಸರಿದು, ಅವರ ಎದುರುಮನೆ ಸಾವಿತ್ರಮ್ಮನ ಗಂಟಲಿನಲ್ಲೇ ಕೂಗಿದೆ. (ಆ ಗಂಟಲ ಮುಂದೆ ಕಾರ್ಖಾನೆ ಸೈರನ್ನೂ ನಾಚಬೇಕು.)

"ಏನ್ರೀ ಗೌರಮ್ಮ, ಊರಿಗೆಲ್ಲ ತಿನ್ಸೋ ಮಗನ್ನ ಉಪವಾಸ ಕೆಡವಿದ್ದೀರಂತೆ? ಎಂಥ ತಾಯಿ ರೀ ನೀವು!"

"ಯಾರ್ರೀ ಹಂಗಂದಿದ್ದು? ಆರು ಗಂಟೆಗೇ ನಾಲ್ಕು ಇಡ್ಲಿ ತಿನ್ಸಿದ್ದೀನಿ!"

ಡಾಕ್ಟರು ಬಾಟಲಿ ಕೆಳಗಿಟ್ಟರು. "ಅಮ್ಮಾ, ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದಿದ್ರೆ? ಎಣ್ಣೆಯಿಂದ ಉಳಿದ ಮಗ ಇಡ್ಲಿಯಿಂದ ಹೋಗ್ತಿದ್ದ."

ಗೌರಮ್ಮನ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಪರದೆ ಸರಿಸಿ ಹೊರಬಂದ ನನ್ನನ್ನು ಕಂಡರು ನೋಡಿ! "ನಿನ್ನ ಬಾಯಿಗೆ ಬೆಂಕಿ…" ಎಂದು ಶುರು ಮಾಡಿದವರು, ಮಗನ ಬ್ಯಾಂಡೇಜ್ ನೋಡಿ, "ಮಣ್ಣು ಹಾಕ" ಎಂದು ತಿದ್ದಿಕೊಂಡರು.

ನಮ್ಮ ಜನ ಸುಳ್ಳು ಹೇಳುವವರಲ್ಲ. ಕೇಳಿದವರಿಗೆ ಬೇಕಾದ ಉತ್ತರ ಕೊಡುವ ಸಜ್ಜನರು, ಅಷ್ಟೆ. "ಇಲ್ಲ ತಾನೆ?" ಎಂದರೆ "ಇಲ್ಲ." ಸ್ವಲ್ಪ ಹಂಗಿಸಿ ನೋಡಿ, ನಿಜ ತಾನಾಗಿ ಓಡಿ ಬರುತ್ತದೆ.

ಮಾರನೆಯ ದಿನ, ನಿಜವಾದ ಖಾಲಿ ಹೊಟ್ಟೆಯಲ್ಲಿ, ಡ್ರೆಸಿಂಗ್ ಸುಸೂತ್ರ ಮುಗಿಯಿತು. ತೊಡೆಯ ಮೇಲೆ ಹೊಸ ಚರ್ಮ ಬರುತ್ತಿದೆಯಂತೆ. ಎಚ್ಚರವಾದವನೇ ಶಂಕರ, "ಲೋ ಮಾರಾಯ, ಇವತ್ತು ಇಡ್ಲಿ ತಪ್ಪಿಸಿದೆಯಲ್ಲೋ" ಎಂದು ಗೊಣಗಿದ. ಗೌರಮ್ಮ ನಕ್ಕರು.

ಅಂದ ಹಾಗೆ, ಮಂಗಳವಾರ ಡಾಕ್ಟರು ನನ್ನ ಕಡೆಗೂ ತಿರುಗಿ "ನೀವೇನೂ ಕೊಟ್ಟಿಲ್ಲ ತಾನೆ?" ಎಂದಿದ್ದರು. "ಛೆ ಛೆ!" ಎಂದೆ. ನಾಲ್ಕು ಇಡ್ಲಿ ಎದುರು ಅರ್ಧ ಲೋಟ ಕಾಫಿಯನ್ನು ಯಾರಾದರೂ ಹೇಳಿಕೊಳ್ಳುತ್ತಾರೆಯೇ?