ಒಂದೇ ಹೆಗಲಿನ ಕೊಳೆ

ಗ್ಯಾರೇಜುಗಳ ಬೀದಿಯಲ್ಲಿ ಅವನನ್ನು ಎಲ್ಲರೂ ದಬ್ಬಳ ಎಂದೇ ಕರೆಯುತ್ತಿದ್ದರು. ಆಳೂ ಹಾಗೇ ಇದ್ದ, ಉದ್ದಕ್ಕೆ, ಸಣಕಲಾಗಿ. ಆದರೆ ಹೆಸರು ಬಂದದ್ದು ಮೈಕಟ್ಟಿನಿಂದಲ್ಲ. ಹಳೆಯ ಕಾರು ಕೊಳ್ಳುವವರು ವ್ಯಾಪಾರ ಮುಗಿಸುವ ಮುಂಚೆ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಜೇಬಿನಿಂದ ಗೋಣಿಚೀಲ ಹೊಲಿಯುವ ದಬ್ಬಳವೊಂದನ್ನು ತೆಗೆದು ಕಾರಿನ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ, ಚಕ್ರದ ಗೂಡಿನಲ್ಲಿ ಮೆಲ್ಲಗೆ ಚುಚ್ಚಿ ನೋಡುತ್ತಿದ್ದ. ತಗಡು ಗಟ್ಟಿಯಿದ್ದರೆ ಟಿಕ್ ಎನ್ನುತ್ತಿತ್ತು. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ದಬ್ಬಳ ಸದ್ದಿಲ್ಲದೆ ಒಳಗಿಳಿಯುತ್ತಿತ್ತು. ಆಗ ಅವನು ತಲೆಯೆತ್ತಿ ಮಾಲೀಕನ ಮುಖ ನೋಡುತ್ತಿದ್ದ. ಮಾಲೀಕ ಆಕಾಶ ನೋಡುತ್ತಿದ್ದ.

ಮೊದಲು ಬಸ್ ಡಿಪೋದ ವರ್ಕ್‌ಶಾಪಿನಲ್ಲಿದ್ದ. ಅದು ಮುಚ್ಚಿದಾಗ ಕೈಯಲ್ಲಿ ಕೆಲಸವಿಲ್ಲದೆ ಕೂತ. ಹೆಂಡತಿಯ ಅಣ್ಣ, ಅಂದರೆ ಭಾವ, ಅದೇ ಬೀದಿಯ ಕೊನೆಯಲ್ಲಿ ಹಳೆಯ ಕಾರುಗಳನ್ನು ಸರಿಮಾಡಿ ಮಾರುವ ಶೆಡ್ ಇಟ್ಟುಕೊಂಡಿದ್ದ. ಬೇಕಿಲ್ಲದಿದ್ದರೂ ‘ನನಗೊಬ್ಬ ಆಳು ಬೇಕಿತ್ತು’ ಎಂದು ಇವನನ್ನು ಕರೆದುಕೊಂಡ. ಕಾರಿನ ಒಳಗುಟ್ಟುಗಳನ್ನೆಲ್ಲ ಇವನು ಕಲಿತದ್ದು ಅಲ್ಲಿಯೇ. ಕಲಿತ ಮೇಲೆ ಭಾವನೇ ಹೊರಗೆ ಕಳಿಸಿದ. “ಇಂಥಾ ಕಣ್ಣು ನನ್ನ ಶೆಡ್ಡಲ್ಲಿ ಕೊಳೀಬಾರದು, ಹೋಗು. ನಿನ್ನ ಹೆಸರಲ್ಲಿ ನೀನು ಬದುಕು” ಎಂದ. ಹೊರಗೆ ಬಂದವನು ಒಂದು ನೇಮ ಮಾಡಿಕೊಂಡ. ಯಾರು ಎಷ್ಟೇ ಕೇಳಲಿ, ಭಾವನ ಶೆಡ್ಡಿನ ಗಾಡಿಯನ್ನು ಮಾತ್ರ ತಾನು ಪರೀಕ್ಷೆ ಮಾಡುವುದಿಲ್ಲ. ನೆಂಟನ ಗಾಡಿಗೆ ನೆಂಟನ ಸಾಕ್ಷಿ ಎಂಬ ಮಾತು ಬರಬಾರದು.

ಆ ನೇಮ ಮುರಿದದ್ದು ಹಲ್ಲಿನ ಡಾಕ್ಟರಮ್ಮನ ದೆಸೆಯಿಂದ.

ಅವರಿಗೆ ಅರವತ್ತು ದಾಟಿತ್ತು. ತಮ್ಮ ಕ್ಲಿನಿಕ್ಕನ್ನು ಮಾರಿ ಬಂದಿದ್ದರು. “ಅರ್ಧ ಆಯುಷ್ಯ ಬೇರೆಯವರ ಬಾಯೊಳಗೇ ಕಳೆದೆ ಕಣಪ್ಪ. ಇನ್ನಾದ್ರೂ ಗಾಳಿಗೆ ಮುಖ ಒಡ್ಡಬೇಕು. ಆ ಎರಡು ಸೀಟಿನ ಕಾರನ್ನ ಹುಡುಗಿಯಾಗಿದ್ದಾಗ ಒಂದೇ ಒಂದು ಸಲ ನೋಡಿದ್ದೆ. ಈಗ ನಿಮ್ಮ ಬೀದೀಲಿದೆ ಅಂತ ಗೊತ್ತಾಯ್ತು” ಎಂದರು.

ದಬ್ಬಳನಿಗೆ ಯಾವ ಕಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಆ ಮಾದರಿಯ ಸಾಧಾರಣ ಕಾರುಗಳು ಸಾವಿರಗಟ್ಟಲೆ ಬಂದಿದ್ದವು. ಆದರೆ ಕಂಪನಿ ಮುಚ್ಚುವ ಮುಂಚೆ, ದೊಡ್ಡ ಇಂಜಿನ್ ಕೂರಿಸಿ, ಪಂದ್ಯಕ್ಕೆಂದು ಬೆರಳೆಣಿಕೆಯಷ್ಟನ್ನು ಮಾತ್ರ ತಯಾರಿಸಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಬೇರೆ ಇರುವುದು ಇಂಜಿನ್ನು ಮತ್ತು ಅಡಿಯ ಚೌಕಟ್ಟಿನ ಮೇಲೆ ಒತ್ತಿದ ನಂಬರು. ಅದಕ್ಕೇ ಮೋಸಗಾರರು ಜಖಂ ಆದ ಪಂದ್ಯದ ಕಾರಿನಿಂದ ಇಂಜಿನ್ನು ಬಿಚ್ಚಿ ತಂದು ಸಾಧಾರಣ ಕಾರಿಗೆ ಕೂರಿಸಿ, ನಂಬರಿರುವ ತುಂಡನ್ನೂ ಕತ್ತರಿಸಿ ಅದಕ್ಕೆ ಬೆಸೆಯುತ್ತಿದ್ದರು. ಭಾವ ಈ ಕಾರನ್ನು ಗುಜರಿಯಿಂದ ತಂದು ಎರಡು ವರ್ಷ ಬೇರೆ ಕೆಲಸವನ್ನೇ ಹಿಡಿಯದೆ ಸರಿಮಾಡಿದ್ದ. ಇದು ಮಾರಾಟವಾಗದಿದ್ದರೆ ಶೆಡ್ಡಿಗೆ ಬೀಗ ಹಾಕಬೇಕು ಎಂಬುದು ಬೀದಿಗೆಲ್ಲ ಗೊತ್ತಿತ್ತು.

“ಅದು ನಮ್ಮ ಭಾವನ ಗಾಡಿ ಅಮ್ಮಾ. ಬೇರೆಯವರನ್ನ ಕರೀರಿ.”

“ಗೊತ್ತು. ನಿಮ್ಮ ಭಾವನೇ ಹೇಳಿದ್ರು. ದಬ್ಬಳ ಹೂಂ ಅಂದ್ರೆ ಮಾರ್ತೀನಿ, ಊಹೂಂ ಅಂದ್ರೆ ಇಲ್ಲ ಅಂತ.”

ಅತ್ತ ದರಿ, ಇತ್ತ ಹುಲಿ. ದಬ್ಬಳ ಒಪ್ಪಿಕೊಂಡ.

ಶೆಡ್ಡಿನ ಒಳಗೆ ಕೆಂಪು ಕಾರು ನಿಂತಿತ್ತು. ಭಾವ ಒಂದು ಖಾಲಿ ಡಬ್ಬದ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಆಗಲೇ ಸ್ವಚ್ಛವಾಗಿದ್ದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಡಾಕ್ಟರಮ್ಮ ಕೈಚೀಲವನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತರು.

ದಬ್ಬಳ ಗಾಜು ನೋಡಿದ, ಸರಿಯಿತ್ತು. ಬಾಗಿಲ ಕೀಲು ನೋಡಿದ, ಸರಿಯಿತ್ತು. ಇಂಜಿನ್ನಿನ ನಂಬರು ಉಜ್ಜಿ ನೋಡಿದ, ಅದೂ ಸರಿಯಿತ್ತು. ಒಂದೊಂದು ಸರಿಯಾದಾಗಲೂ ಅವನ ಎದೆ ಹಗುರಾಗಬೇಕಿತ್ತು. ಬದಲಿಗೆ ಬಿಗಿಯುತ್ತ ಹೋಯಿತು. ‘ಭಾವನ ಅನ್ನ ತಿಂದವನು, ಹೂಂ ಅನ್ನದೆ ಇನ್ನೇನು ಅಂದಾನು?’ ಎಂದು ನಾಳೆ ಬೀದಿಯವರು ಆಡುವ ಮಾತು ಈಗಲೇ ಕಿವಿಗೆ ಬೀಳುತ್ತಿತ್ತು. ಬೆವರು ಕಣ್ಣಿಗೆ ಇಳಿಯಿತು.

ಅಡಿಯ ಚೌಕಟ್ಟಿಗೆ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಉಕ್ಕಿನ ಪಟ್ಟಿ; ನಂಬರು ಇರುವುದು ಬಲಗಡೆಯ ಪಟ್ಟಿಯ ಮೇಲೆ. ಅವನು ಬಲ ಹೆಗಲ ಮೇಲೆ ಮಲಗಿ ಕಾರಿನ ಕೆಳಗೆ ತೆವಳಿದ. ದೀಪ ಹಿಡಿದ. ನಂಬರು ಸ್ಪಷ್ಟವಾಗಿತ್ತು. ಬೆರಳಾಡಿಸಿದಾಗ ನಂಬರಿನಿಂದ ಒಂದು ಗೇಣು ಹಿಂದೆ ಬಣ್ಣದ ಅಡಿಯಲ್ಲಿ ಸಣ್ಣ ಉಬ್ಬು ಸಿಕ್ಕಿತು. ಮುಂದಕ್ಕೆ ಸವರಿದ. ಅಲ್ಲೂ ಒಂದು ಉಬ್ಬು. ಬೆಸುಗೆ! ಹಿಂದೆ ಒಂದು, ಮುಂದೆ ಒಂದು, ನಡುವೆ ನಂಬರು.

ಅವನ ಬಿಗಿದಿದ್ದ ಎದೆ ತಟ್ಟನೆ ಸಡಿಲವಾಯಿತು. ಅದು ಯಾಕೆಂದು ಅವನು ಆಗ ಕೇಳಿಕೊಳ್ಳಲಿಲ್ಲ. ಹೊರಗೆ ಬಂದು ಎದ್ದು ನಿಂತ.

“ಇದು ಅಲ್ಲ.”

“ಏನು ಅಲ್ಲ?” ಎಂದ ಭಾವ.

“ಪಂದ್ಯದ ಗಾಡಿ ಅಲ್ಲ. ನಂಬರಿರೋ ತುಂಡನ್ನ ಬೇರೆ ಕಡೆಯಿಂದ ತಂದು ಬೆಸೆದಿದ್ದಾರೆ. ನಿಮ್ಮ ಕೈಗೆ ಬರೋ ಮುಂಚೇನೇ ಆಗಿರೋದು.”

ಭಾವ ವಾದ ಮಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಡಬ್ಬದ ಮೇಲಿಟ್ಟ. “ನೀನು ನೋಡಿದ್ಯಲ್ಲ, ಆಯ್ತು” ಎಂದಷ್ಟೇ ಹೇಳಿ ಹಿಂದಿನ ಕೋಣೆಗೆ ಹೋದ. ಡಾಕ್ಟರಮ್ಮ ಕಾರಿನ ಮೂತಿಯನ್ನು ಒಮ್ಮೆ ಮುಟ್ಟಿದರು. “ಮರಗಟ್ಟೋ ಮದ್ದು ಕೊಡದೆ ಹಲ್ಲು ಕಿತ್ತ ಹಾಗಾಯ್ತು” ಎಂದು ನಗಲು ಹೋಗಿ, ನಗಲಾರದೆ ಹೊರಟುಹೋದರು.

ಸಂಜೆ ಅವನು ಮನೆಗೆ ಬರುವ ಹೊತ್ತಿಗೆ ಸುದ್ದಿ ಮುಂಚೆಯೇ ಬಂದಿತ್ತು. ಭಾವನ ಹೆಂಡತಿ ಫೋನಿನಲ್ಲಿ ಅತ್ತಿದ್ದಳಂತೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ, “ಶರ್ಟು ಬಿಚ್ಚಿ, ನೆನೆಹಾಕ್ತೀನಿ” ಎಂದಳು. ಬಿಚ್ಚಿ ಕೊಟ್ಟ. ಅವಳು ಅದನ್ನು ಬಕೆಟ್ಟಿಗೆ ಹಾಕದೆ ಕೈಯಲ್ಲೇ ಹಿಡಿದು ನಿಂತಳು. ಕಾರಿನಡಿ ಹೊರಳಿ ಹೊರಳಿ ಬಟ್ಟೆ ಸವೆಯುತ್ತದೆಂದು ಅವನ ಎಲ್ಲ ಶರ್ಟುಗಳ ಎರಡೂ ಹೆಗಲಿಗೆ ಅವಳೇ ತೇಪೆ ಹಾಕಿದ್ದಳು.

“ರೀ, ಎಡಗಡೆ ಮಲಗಲೇ ಇಲ್ವಾ?”

“ಏನು?”

“ಬಲ ಹೆಗಲು ಎಣ್ಣೆ, ಮಣ್ಣು. ಎಡ ಹೆಗಲು ನಾನು ಬೆಳಿಗ್ಗೆ ಇಸ್ತ್ರಿ ಮಾಡಿಕೊಟ್ಟ ಹಾಗೇ ಇದೆ.”

“ಬಲಗಡೇನೇ ತಪ್ಪು ಸಿಕ್ತಲ್ಲ. ಇನ್ನೇನು ನೋಡೋದು?”

“ಬೇರೆಯವರ ಗಾಡೀಲಿ ಹತ್ತು ತಪ್ಪು ಸಿಕ್ಕಿದ್ರೂ ಎರಡೂ ಹೆಗಲು ಗಲೀಜು ಮಾಡ್ಕೊಂಡೇ ಬರ್ತೀರಿ. ಇಷ್ಟು ವರ್ಷದಿಂದ ಒಗೀತಿದ್ದೀನಿ, ನನಗೆ ಗೊತ್ತಿಲ್ವಾ? ನಮ್ಮಣ್ಣನ ಗಾಡಿಗೆ ಮಾತ್ರ ಒಂದೇ ಹೆಗಲು ಸಾಕಾಯ್ತಾ?”

“ನಾನು ಪಕ್ಷಪಾತ ಮಾಡಿದೆ ಅಂತೀಯಾ? ನಿಮ್ಮಣ್ಣನಿಗೆ ವಿರುದ್ಧವಾಗಿ ಹೇಳಿ ಬಂದಿದ್ದೀನಿ ಕಣೇ!”

“ಅದೇ ಪಕ್ಷಪಾತ. ನೆಂಟ ಅಂತ ಯಾರಾದ್ರೂ ಆಡ್ಕೊಂಡಾರು ಅಂತ ಹೆದರಿ, ಸಿಕ್ಕ ಮೊದಲ ತಪ್ಪನ್ನೇ ತಬ್ಕೊಂಡು ಎದ್ದು ಬಂದಿದ್ದೀರಿ.”

ಅವನ ಕೈ ತಾನಾಗಿ ಎಡ ಹೆಗಲಿಗೆ ಹೋಯಿತು. ಅವಳು ನಗಲಿಲ್ಲ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ” ಎಂದು ಶರ್ಟನ್ನು ಬಕೆಟ್ಟಿಗೆ ಬಿಸಾಡಿದಳು.

ಬೆಳಗಾಗುತ್ತಲೇ ಅವನು ಬೀದಿಗೆ ಬಂದ. ಶೆಡ್ಡು ಇನ್ನೂ ದೂರವಿರುವಾಗಲೇ ಲೋಹ ಅರೆಯುವ ಗ್ರೈಂಡರಿನ ಕಿರುಚಾಟ ಕೇಳಿಸಿತು. ದಬ್ಬಳ ಓಡಿದ. ಕೆಂಪು ಕಾರಿನ ಬಲಗಡೆಯಿಂದ ಭಾವನ ಕಾಲುಗಳೆರಡು ಹೊರಗೆ ಚಾಚಿದ್ದವು. ಕೆಳಗಿನಿಂದ ಕಿಡಿಗಳು ಹಾರುತ್ತಿದ್ದವು. ಕೂಗಿದರೆ ಕೇಳಿಸುವಂತಿರಲಿಲ್ಲ. ಗೋಡೆಗೆ ಹಾರಿ ವಯರನ್ನು ಕಿತ್ತುಹಾಕಿದ.

ಸದ್ದು ನಿಂತಿತು. ಭಾವ ತೆವಳಿ ಹೊರಗೆ ಬಂದ.

“ಏನ್ ಮಾಡ್ತಿದ್ದೀರಿ ಭಾವ?”

“ನಂಬರ್ ಅಳಿಸ್ತಿದ್ದೀನಿ. ನೀನು ಅಲ್ಲ ಅಂದ ಮೇಲೆ ಅದು ಇರಬಾರದು. ನನ್ನ ಕೈ ದಾಟಿದ ಮೇಲೆ ಯಾವನಾದ್ರೂ ಅದನ್ನ ತೋರಿಸಿ ಇನ್ನೊಬ್ಬರಿಗೆ ಟೋಪಿ ಹಾಕ್ತಾನೆ.”

“ಎಷ್ಟು ಹೋಯ್ತು?”

“ಮೊದಲ ಅಕ್ಷರ. ಯಾಕೆ?”

ದಬ್ಬಳ ಅವನೆದುರು ಕುಕ್ಕರುಗಾಲಲ್ಲಿ ಕೂತ. “ಭಾವ, ನಿನ್ನೆ ನಾನು ಎಡಗಡೆ ನೋಡಿರಲಿಲ್ಲ.”

ಭಾವನ ಮುಖ ಕೆಂಪೇರಿತು. ಗ್ರೈಂಡರು ಇನ್ನೂ ಕೈಯಲ್ಲೇ ಇತ್ತು. ಅದನ್ನು ಎಸೆಯುತ್ತಾನೆಂದೇ ದಬ್ಬಳ ಅಂದುಕೊಂಡ. ಭಾವ ಅದನ್ನು ಮೆಲ್ಲಗೆ ನೆಲಕ್ಕಿಟ್ಟ. “ಈಗ ನೋಡು” ಎಂದ.

ದಬ್ಬಳ ಎಡ ಹೆಗಲ ಮೇಲೆ ಮಲಗಿ ಕೆಳಗೆ ತೆವಳಿದ. ದೀಪ ಹಿಡಿದ. ಏನು ಸಿಗಲಿ ಎಂದು ಬೇಡಿಕೊಳ್ಳಬೇಕೆಂದೇ ಅವನಿಗೆ ತಿಳಿಯಲಿಲ್ಲ. ಏನೂ ಸಿಗದಿದ್ದರೆ ನಿನ್ನೆಯ ಮಾತು ಉಳಿಯುತ್ತದೆ, ಭಾವ ಮುಳುಗುತ್ತಾನೆ. ಇಲ್ಲೂ ಅಂಥದೇ ಬೆಸುಗೆ ಸಿಕ್ಕರೆ, ನಿಜವಾದ ಕಾರಿನ ನಂಬರನ್ನು ತಾನೇ ಅಳಿಸಿ ಹಾಕಿಸಿದಂತೆ.

ಬೆರಳಿಗೆ ಉಬ್ಬು ಸಿಕ್ಕಿತು. ಮುಂದೆ ಇನ್ನೊಂದು. ಬಲಗಡೆ ಇದ್ದ ಜಾಗಕ್ಕೆ ಸರಿಯಾಗಿ. ದಬ್ಬಳದ ಮೊನೆಯಿಂದ ಬಣ್ಣ ಕೆರೆದ. ಬೆಸುಗೆಯ ಮೇಲೆ ಕಂಪನಿ ಬಳಿಯುತ್ತಿದ್ದ ಹಳೆಯ ಅಡಿಬಣ್ಣ ಎಲ್ಲೂ ತುಂಡಾಗದೆ ಹರಡಿತ್ತು. ಎಡಗಡೆ ನಂಬರೇ ಇಲ್ಲ. ನಂಬರಿಲ್ಲದ ಕಡೆ ಬೆಸೆದು ಮೋಸ ಮಾಡುವವನು ಯಾವನೂ ಇಲ್ಲ. ಕಾರ್ಖಾನೆಯವರೇ ದೊಡ್ಡ ಇಂಜಿನ್ನಿನ ಭಾರ ತಡೆಯಲೆಂದು ಎರಡೂ ಪಟ್ಟಿಗಳನ್ನು ಕತ್ತರಿಸಿ ದಪ್ಪ ತುಂಡು ಕೂರಿಸಿದ್ದರು. ಸಾಧಾರಣ ಕಾರುಗಳಲ್ಲಿ ಇಂಥ ಬೆಸುಗೆಯನ್ನು ಅವನು ಕಂಡೇ ಇರಲಿಲ್ಲ. ಯಾವುದನ್ನು ಕಂಡು ಸುಳ್ಳು ಎಂದಿದ್ದನೋ, ಅದೇ ಇದು ನಿಜ ಎಂದು ಹೇಳುತ್ತಿತ್ತು.

ಹೊರಗೆ ಬಂದು, ನೆಲದ ಮೇಲೆ ಕೂತೇ ಭಾವನಿಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಅವನ ಕಣ್ಣು ಗೋಡೆಯ ಹಲಗೆಯತ್ತ ಹೋಯಿತು. ಅಲ್ಲಿ ಅಕ್ಷರ ಒತ್ತುವ ಉಕ್ಕಿನ ಅಚ್ಚುಗಳ ಪೆಟ್ಟಿಗೆ ಇತ್ತು. ಸುತ್ತಿಗೆಯ ಒಂದು ಪೆಟ್ಟು, ಮೇಲೆ ಒಂದಿಷ್ಟು ಬಣ್ಣ. ಯಾರಿಗೂ ತಿಳಿಯುವುದಿಲ್ಲ.

“ಆ ಕಡೆ ನೋಡಬೇಡ” ಎಂದ ಭಾವ.

“ಇಲ್ಲ.”

“ನೀನು ನೋಡಿದೆ. ನಾನೂ ನೋಡಿದೆ. ಅಚ್ಚು ಹೊಡೆದ್ರೆ ನಿಜವಾದ ಗಾಡಿ ಆಗಲೇ ಸುಳ್ಳಾಗೋದು.” ಪೆಟ್ಟಿಗೆಯ ಮುಚ್ಚಳ ಹಾಕಿ ಕೇಳಿದ. “ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ವೇನೋ?”

“ನನ್ನ ಮೇಲೆ ಇರಲಿಲ್ಲ ಭಾವ.”

ಭಾವ ಗ್ರೈಂಡರನ್ನು ಎತ್ತಿ ಮೂಲೆಗಿಟ್ಟ. “ಆ ಅಮ್ಮನಿಗೆ ನೀನೇ ಫೋನ್ ಮಾಡು. ನನ್ನ ಬಾಯಿಂದ ಬಂದ್ರೆ ವ್ಯಾಪಾರದ ಮಾತಾಗುತ್ತೆ” ಎಂದ.

ಡಾಕ್ಟರಮ್ಮ ಬಂದರು. ದಬ್ಬಳ ನಿಂತುಕೊಂಡೇ ಹೇಳಿದ. ಎಡಗಡೆ ನೋಡದೆ ಎದ್ದದ್ದು, ಯಾಕೆ ನೋಡಲಿಲ್ಲವೆಂಬುದು, ಒಂದು ಅಕ್ಷರ ಹೋದದ್ದು, ಯಾವುದನ್ನೂ ಬಿಡಲಿಲ್ಲ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಭಾವ ಅದೇ ಮೊದಲು ಕೇಳಿದ್ದು.

“ಹಾಗಾದ್ರೆ ಯಾವ ಮಾತು ನಂಬಲಿ?” ಎಂದರು ಡಾಕ್ಟರಮ್ಮ. ದನಿಯಲ್ಲಿ ಸಿಟ್ಟಿತ್ತು. “ನಿನ್ನೆ ಅಲ್ಲ ಅಂದ್ರಿ. ಇವತ್ತು ಹೌದು ಅಂತೀರಿ. ರಾತ್ರಿ ನಿಮ್ಮ ಭಾವ ಬಂದು ಕಾಲು ಹಿಡಿದ್ರು ಅಂತ ನಾನು ಅಂದ್ಕೊಂಡ್ರೆ?”

“ಅಂದ್ಕೊಳ್ಳೋದು ನ್ಯಾಯಾನೇ. ನನ್ನ ಯಾವ ಮಾತೂ ನಂಬಬೇಡಿ. ನೀವೇ ಮಲಗಿ ನೋಡಿ. ಮೊದಲು ಬಲ, ಆಮೇಲೆ ಎಡ. ಎಲ್ಲಿ ಬೆರಳಿಡಬೇಕು ಅಂತಷ್ಟೇ ಹೇಳ್ತೀನಿ.”

ಡಾಕ್ಟರಮ್ಮ ನೆಲ ನೋಡಿದರು, ತಮ್ಮ ಸೀರೆ ನೋಡಿಕೊಂಡರು. “ಜನರನ್ನ ಮಲಗಿಸಿ ನೋಡಿ ಅಭ್ಯಾಸ ನನಗೆ. ನಾನೇ ಮಲಗಿದ್ದಿಲ್ಲ” ಎಂದು ಗೊಣಗಿ ಸೆರಗು ಸಿಕ್ಕಿಸಿಕೊಂಡರು. ಭಾವ ಹಳೆಯ ಕಂಬಳಿಯೊಂದನ್ನು ಹಾಸಿದ. ಅವರು ದೀಪ ತೆಗೆದುಕೊಂಡು ಕೆಳಗೆ ಸರಿದರು. ಬಲಗಡೆ ಬಹಳ ಹೊತ್ತು ಇದ್ದರು. ಆಮೇಲೆ ಏದುಸಿರು ಬಿಡುತ್ತ ಎದ್ದು ಬಂದು ಎಡಗಡೆಯಿಂದ ನುಸುಳಿದರು. ಅಲ್ಲಿ ಇನ್ನೂ ಹೆಚ್ಚು ಹೊತ್ತಾಯಿತು. ದೀಪದ ಬೆಳಕು ಹಿಂದೆ ಮುಂದೆ ಓಡಾಡುತ್ತಿತ್ತು. ಭಾವ ಕೈ ಒರೆಸಿಕೊಳ್ಳುವುದನ್ನೂ ಮರೆತಿದ್ದ.

ಕೊನೆಗೆ ಕೆಳಗಿನಿಂದ ದನಿ ಬಂತು.

“ಆ ಅಕ್ಷರ ಹೋಗಿದ್ಯಲ್ಲ, ಅದನ್ನ ತುಂಬಿಸ್ತೀರಾ?”

“ಇಲ್ಲ” ಎಂದರು ಇಬ್ಬರೂ ಒಟ್ಟಿಗೆ.

“ತುಂಬಿಸಿದ್ರೆ ಹಣ ಪೂರ್ತಿ ಕೊಡ್ತೀನಿ ಅಂದ್ರೆ?”

“ಕೊಟ್ರೂ ಇಲ್ಲ” ಎಂದ ಭಾವ.

“ಹಾಗಾದ್ರೆ ಸರಿ. ತುಂಬಿಸ್ತೀವಿ ಅಂದಿದ್ರೆ ಎದ್ದು ಮನೆಗೆ ಹೋಗ್ತಿದ್ದೆ.” ಆಮೇಲೆ ಕಾರಿನಡಿಯಿಂದ ಒಂದು ಕೈ ಹೊರಗೆ ಬಂತು. “ಈಗ ಯಾರಾದ್ರೂ ಎಳೀರಪ್ಪಾ. ನನ್ನ ಗಾಡಿ ಕೆಳಗೇ ನಾನು ಸಿಕ್ಕಿಹಾಕ್ಕೊಂಡಿದ್ದೀನಿ.”